ಗರಗಸದ ಮಷೀನಿನ ಮುಂದೆ ನಿಮ್ಮ ಕೈ



ಈ ಸಲದ ಪಾಠ ಬಡಿಗತನದ ಮಷೀನುಗಳ ಬಗ್ಗೆ. ಆಸ್ಪತ್ರೆಗೂ ರಂದಾ ಮಷೀನಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮ ಡ್ರೆಸ್ಸಿಂಗ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾಲ್ಕು ದಿನ ಕುಳಿತು ನೋಡಿ, ಉತ್ತರ ತಾನಾಗಿ ಸಿಗುತ್ತದೆ. ಮಸರಕಲ್, ದೇವದುರ್ಗ, ಮಾನ್ವಿ, ಸಿರವಾರ ಕಡೆ ಈಗ ಹೊಸ ಮನೆ ಏಳದ ಓಣಿ ಇಲ್ಲ. ಬಾಗಿಲು, ಚೌಕಟ್ಟು, ಕಿಟಕಿ, ಅಡುಗೆಮನೆಯ ಕಪಾಟು ಎಲ್ಲವೂ ಮಷೀನಿನ ಕೆಲಸ. ಮೊದಲು ಬಾಚಿ, ಉಳಿ, ಕೈ ರಂದಾ ಹಿಡಿದು ಕೂರಿಗೆ, ಕುಂಟೆ ಮಾಡುತ್ತಿದ್ದ ಮನೆಗಳಲ್ಲಿ ಇಂದು ಕಟ್ಟರ್, ಗ್ರೈಂಡರ್, ಮೋಟಾರು ಹಾಕಿದ ರಂದಾ ಬಂದು ಕುಳಿತಿವೆ. ಕೆಲಸ ಬೇಗ ಆಗುತ್ತದೆ, ಸಂಪಾದನೆಯೂ ಆಗುತ್ತದೆ, ಅದು ಒಳ್ಳೆಯದೇ. ಆದರೆ ಹಳೆಯ ಹತಾರಗಳಿಂದ ಕಲಿತ ರೂಢಿಯನ್ನೇ ಇಟ್ಟುಕೊಂಡು ಹೊಸ ಮಷೀನಿನ ಮುಂದೆ ನಿಂತವರು ನಮ್ಮ ಬೆಂಚಿಗೆ ಬರುತ್ತಾರೆ.

ನಾನು ಉಳಿ ಹಿಡಿದವಳಲ್ಲ. ಈ ಮಷೀನುಗಳ ಬಗ್ಗೆ ನನಗೆ ಗೊತ್ತಿರುವುದರಲ್ಲಿ ಅರ್ಧ ಓದಿ ತಿಳಿದದ್ದು, ಇನ್ನರ್ಧ ಗಾಯ ತೊಳೆಯುವಾಗ ಬಡಿಗೇರ ಅಣ್ಣಂದಿರು ಹೇಳಿದ್ದು. ಅವರ ಮಾತು ಕೇಳುತ್ತ ನನಗೆ ಒಂದು ವಿಷಯ ಆಶ್ಚರ್ಯ ತಂದಿತು. ಬೆರಳು ಕಳೆದುಕೊಂಡು ಬಂದವರೆಲ್ಲ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗರಲ್ಲ. ಹತ್ತು ವರ್ಷ, ಹದಿನೈದು ವರ್ಷ ಅದೇ ಮಷೀನಿನ ಮೇಲೆ ದುಡಿದವರೂ ಅವರಲ್ಲಿ ಇದ್ದಾರೆ. ಕೇಳಿದರೆ ಒಂದೇ ಮಾತು: "ದಿನಾ ಮಾಡೋ ಕೆಲಸಾನ ರೀ ಸಿಸ್ಟರ್, ಅವತ್ತು ಕೈ ಯಾವಾಗ ಹೋತೋ ಗೊತ್ತಾಗ್ಲಿಲ್ಲ."

ಅವರು ಸುಳ್ಳು ಹೇಳುತ್ತಿಲ್ಲ. ನಿಜವಾಗಿಯೂ ಗೊತ್ತಾಗುವುದಿಲ್ಲ. ಹೇಗೆಂದು ನೋಡೋಣ.

ಕೈಗಿಂತ ಮಷೀನ್ ಎಷ್ಟು ಬೇಗ?

ಕೈ ಗರಗಸ ಬೆರಳಿಗೆ ತಾಗಿದರೆ ಚರ್ಮ ಹರಿಯುತ್ತದೆ. "ಯಪ್ಪಾ" ಎನ್ನುವಷ್ಟರಲ್ಲಿ ಗರಗಸ ನಿಂತಿರುತ್ತದೆ, ಏಕೆಂದರೆ ಅದನ್ನು ಎಳೆಯುವ ಕೈಯೂ ನಿಮ್ಮದೇ. ಮಷೀನಿನಲ್ಲಿ ಹಾಗಲ್ಲ. ಈಗ ಎಲ್ಲರ ಕೈಯಲ್ಲೂ ಇರುವ 4 ಇಂಚಿನ ಕಟ್ಟರ್ ನಿಮಿಷಕ್ಕೆ ಸುಮಾರು 12,000 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 200 ಸುತ್ತು. ಬ್ಲೇಡಿನ ಅಂಚಿನ ವೇಗವನ್ನು ಲೆಕ್ಕ ಹಾಕಿದರೆ ಗಂಟೆಗೆ 250 ಕಿಲೋಮೀಟರ್ ಹತ್ತಿರ ಬರುತ್ತದೆ. ನೋವು ಮಿದುಳಿಗೆ ತಿಳಿದು, ಮಿದುಳು "ಕೈ ತೆಗಿ" ಎಂದು ಹೇಳಿ, ಕೈ ಸರಿಯಲು ಸುಮಾರು ಕಾಲು ಸೆಕೆಂಡ್ ಬೇಕು. ಆ ಕಾಲು ಸೆಕೆಂಡಿನಲ್ಲಿ ಬ್ಲೇಡ್ 50 ಸುತ್ತು ಮುಗಿಸಿರುತ್ತದೆ. ಅದಕ್ಕೆ 30 ಹಲ್ಲುಗಳಿದ್ದರೆ 1,500 ಹಲ್ಲುಗಳು ಬೆರಳಿನ ಜಾಗವನ್ನು ದಾಟಿ ಹೋಗಿರುತ್ತವೆ.

ಆದ್ದರಿಂದ "ನಾನು ಹುಷಾರಾಗಿ ಮಾಡ್ತೀನಿ" ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಹುಷಾರು ಬೇಕು. ಆದರೆ ದಿನದ ಎಂಟು ತಾಸೂ ಒಂದೇ ಸಮನೆ ಹುಷಾರಾಗಿರುವ ಮನುಷ್ಯನನ್ನು ನಾನಂತೂ ನೋಡಿಲ್ಲ, ನಾವು ನರ್ಸುಗಳೂ ಹಾಗಿಲ್ಲ. ಇಂಜೆಕ್ಷನ್ ಸೂಜಿಗೆ ನಾವು ಮತ್ತೆ ಮುಚ್ಚಳ ಹಾಕಬಾರದು ಎಂಬ ನಿಯಮ ಇರುವುದು ಅದಕ್ಕೇ. ಹಾಕಲು ಹೋದರೆ ಒಂದಲ್ಲ ಒಂದು ದಿನ ಚುಚ್ಚಿಕೊಳ್ಳುತ್ತೇವೆ. ಮಷೀನಿನ ಕೆಲಸಕ್ಕೂ ಇದೇ ಯೋಚನೆ ಬೇಕು. ಮನಸ್ಸು ಒಂದು ಕ್ಷಣ ಬೇರೆ ಕಡೆ ಹೋದರೂ, ಕೈ ಜಾರಿದರೂ, ಅದು ಬ್ಲೇಡಿಗೆ ಸಿಗದ ಹಾಗೆ ಸ್ವಿಚ್ ಹಾಕುವ ಮೊದಲೇ ಏರ್ಪಾಡು ಮಾಡಿಕೊಳ್ಳಬೇಕು.

ಅಮೆರಿಕದಲ್ಲಿ ಸ್ಟೀವ್ ಗ್ಯಾಸ್ ಎಂಬವರು ಮೈ ತಾಗಿದ ಕೂಡಲೇ ಸುಮಾರು 5 ಮಿಲಿಸೆಕೆಂಡಿನಲ್ಲಿ ತಾನೇ ನಿಂತುಬಿಡುವ ಟೇಬಲ್ ಗರಗಸವನ್ನು ಕಂಡುಹಿಡಿದರು. 2004ರಿಂದ ಅದು ಅಲ್ಲಿ ಮಾರಾಟದಲ್ಲಿದೆ. ನಮ್ಮ ಊರಿನ ಅಂಗಡಿಗಳಿಗೆ ಅದರ ಬೆಲೆ ಎಟುಕುವಂಥದ್ದಲ್ಲ. ನಮಗೆ ಎಟುಕುವುದು ಒಂದು ಕೋಲು.

ತಳ್ಳುವ ಕೋಲು

ಒಂದೂವರೆ ಅಡಿ ಉದ್ದದ ಪಟ್ಟಿ ತೆಗೆದುಕೊಂಡು ತುದಿಯಲ್ಲಿ ಹಕ್ಕಿಯ ಬಾಯಿಯಂತೆ ಕಚ್ಚು ಮಾಡಿದರೆ ತಳ್ಳುವ ಕೋಲು ಆಯಿತು. ಕೆಲವರು ಪುಶ್ ಸ್ಟಿಕ್ ಎನ್ನುತ್ತಾರೆ. ಟೇಬಲ್ ಗರಗಸದಲ್ಲಿ ಪಟ್ಟಿ ಸೀಳುವಾಗ ಕಡೆಯ ಒಂದು ಅಡಿಯನ್ನು ಕೈಯಿಂದ ತಳ್ಳಬೇಡಿ, ಈ ಕೋಲಿನಿಂದ ತಳ್ಳಿ. ಜಾರಿದರೆ ಕೋಲು ಕತ್ತರಿಸುತ್ತದೆ, ಇನ್ನೊಂದು ಮಾಡಿಕೊಳ್ಳಬಹುದು. ನಮ್ಮಲ್ಲಿಗೆ ಅಣ್ಣನ ಮಗನ ಜೊತೆ ಬಂದಿದ್ದ ಹಿರಿಯ ಬಡಿಗೇರರೊಬ್ಬರು ಊಟದ ತಟ್ಟೆಯನ್ನೇ ಟೇಬಲ್ ಮಾಡಿ ನನಗೆ ಇದನ್ನು ತೋರಿಸಿದರು. ಅವರ ಹತ್ತು ಬೆರಳೂ ಇದ್ದವು! "ಕೋಲು ಯಾವಾಗ್ಲೂ ಮಷೀನಿನ ಮೊಳೆಗೇ ತೂಗಹಾಕೀರ್ಬೇಕವ್ವ, ಹುಡುಕಬೇಕಾದ್ರ ಯಾರೂ ಹುಡುಕಂಗಿಲ್ಲ, ಕೈಯಿಂದ್ಲೇ ತಳ್ತಾರ" ಎಂದರು. ಈ ಪಾಠದಲ್ಲಿ ಒಂದೇ ಮಾತು ನೆನಪಿಡುವುದಾದರೆ ಅವರ ಈ ಮಾತನ್ನು ನೆನಪಿಡಿ.

ರಂದಾ ಮಷೀನಿನಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಬ್ಲೇಡ್ ಕಾಣಿಸುವುದೇ ಇಲ್ಲ, ಕಟ್ಟಿಗೆಯ ಕೆಳಗೆ ತಿರುಗುತ್ತಿರುತ್ತದೆ. ಒಂದು ಅಡಿಗಿಂತ ಚಿಕ್ಕ ತುಂಡನ್ನು ಆ ಮಷೀನಿಗೆ ಕೊಡಲೇಬೇಡಿ, ಕೈ ರಂದಾದಿಂದ ಮಾಡಿಕೊಳ್ಳಿ. ಚಿಕ್ಕ ತುಂಡು ಎಗರಿ ಹೋಗುತ್ತದೆ, ಅದರ ಮೇಲೆ ಒತ್ತಿ ಹಿಡಿದ ಅಂಗೈ ನೇರ ಬ್ಲೇಡಿನ ಮೇಲೆ ಬೀಳುತ್ತದೆ. ಒಂದೇ ಸಲಕ್ಕೆ ದಪ್ಪ ಪದರ ತೆಗೆಯುವ ಆಸೆಯೂ ಬೇಡ. ನರ್ಸ್ ಆಗಿ ಇಷ್ಟು ಹೇಳುತ್ತೇನೆ. ಗರಗಸಕ್ಕೆ ಸಿಕ್ಕ ಬೆರಳನ್ನು ಕೆಲವು ಸಲವಾದರೂ ಮತ್ತೆ ಜೋಡಿಸಬಹುದು. ರಂದಾಕ್ಕೆ ಸಿಕ್ಕ ಬೆರಳು ಕತ್ತರಿಸಿ ಬೀಳುವುದಿಲ್ಲ, ಹೆರೆದು ಹೋಗುತ್ತದೆ. ಅಲ್ಲಿ ಜೋಡಿಸಲು ಸಾಮಾನ್ಯವಾಗಿ ಏನೂ ಉಳಿದಿರುವುದಿಲ್ಲ.

ಕಟ್ಟಿಗೆ ಒದೆಯುವುದು

ಹೊಟ್ಟೆಗೆ, ಎದೆಗೆ, ಮುಖಕ್ಕೆ ಪೆಟ್ಟು ತಿಂದು ಬಂದವರನ್ನೂ ನೋಡಿದ್ದೇವೆ. ಗರಗಸದ ಮುಂಭಾಗದ ಹಲ್ಲು ಕಟ್ಟಿಗೆಯನ್ನು ಟೇಬಲಿಗೆ ಒತ್ತುತ್ತದೆ. ಹಿಂಭಾಗದ ಹಲ್ಲು ಮೇಲಕ್ಕೆ ಏಳುತ್ತಿರುತ್ತದೆ. ಸೀಳಿದ ಕಟ್ಟಿಗೆ ಮುಚ್ಚಿಕೊಂಡು ಬ್ಲೇಡನ್ನು ಹಿಡಿದರೆ ಆ ಹಿಂದಿನ ಹಲ್ಲು ಕಟ್ಟಿಗೆಯನ್ನು ಎತ್ತಿ ನಿಮ್ಮ ಕಡೆಗೇ ಎಸೆಯುತ್ತದೆ. ಹಸಿ ಕಟ್ಟಿಗೆ, ಗಂಟಿರುವ ಬೇವು, ಜಾಲಿ, ಸೊಟ್ಟಾದ ಹಲಗೆ, ಹಳೆಯ ಮಾಳಿಗೆ ಮನೆ ಕೆಡವಿದಾಗ ಬಂದ ಮೊಳೆ ಉಳಿದ ತೊಲೆ, ಇವೆಲ್ಲ ಒದೆಯುವ ಕಟ್ಟಿಗೆಗಳೇ. ತೊಲೆಯನ್ನು ಮಷೀನಿಗೆ ಕೊಡುವ ಮೊದಲು ಮೊಳೆಗಳನ್ನು ಹುಡುಕಿ ಕೀಳಿ, ಅನುಮಾನವಿದ್ದರೆ ಒಂದು ಅಯಸ್ಕಾಂತವನ್ನು ಮೇಲೆ ಆಡಿಸಿ ನೋಡಿ.

ಬ್ಲೇಡಿನ ಬೆನ್ನಿಗೆ ಒಂದು ತಗಡಿನ ಪಟ್ಟಿ ಇರುತ್ತದಲ್ಲ, ಸೀಳಿದ ಕಟ್ಟಿಗೆ ಮುಚ್ಚಿಕೊಳ್ಳದಂತೆ ತಡೆಯಲಿಕ್ಕೆಂದೇ ಅದು ಇರುವುದು. "ಅಡ್ಡ ಬರ್ತದ" ಎಂದು ಅದನ್ನು ಬಿಚ್ಚಿ ಮೂಲೆಗೆ ಎಸೆದಿರುತ್ತಾರೆ. ದಯವಿಟ್ಟು ಹುಡುಕಿ ತಂದು ಮತ್ತೆ ಕೂಡಿಸಿ. ಬ್ಲೇಡ್ ಕಟ್ಟಿಗೆಯ ಮೇಲೆ ಒಂದು ಹಲ್ಲಿನಷ್ಟು ಮಾತ್ರ ಕಾಣುವಂತೆ ಇಳಿಸಿಕೊಳ್ಳಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಒಂದು ಪಕ್ಕಕ್ಕೆ ಸರಿದು ನಿಲ್ಲಿ. ನೋಡಲು ಬಂದ ಮನೆ ಮಾಲೀಕರನ್ನೂ, ಮಕ್ಕಳನ್ನೂ ಆ ನೇರದಲ್ಲಿ ನಿಲ್ಲಗೊಡಬೇಡಿ.

ಎರಡು ಕೆಟ್ಟ ರೂಢಿಗಳು

ಒಂದು, ಕಲ್ಲು ಕೊಯ್ಯುವ ಮಾರ್ಬಲ್ ಕಟ್ಟರನ್ನು ತಲೆಕೆಳಗು ಮಾಡಿ ಪ್ಲೈವುಡ್ ಹಲಗೆಯ ಕೆಳಗೆ ಸ್ಕ್ರೂ ಹೊಡೆದು ಟೇಬಲ್ ಗರಗಸ ಮಾಡಿಕೊಳ್ಳುವುದು. ಹಣ ಉಳಿಯುತ್ತದೆ, ನಿಜ. ಆದರೆ ಅದಕ್ಕೆ ಗಾರ್ಡ್ ಇಲ್ಲ, ಹಿಂದಿನ ಪಟ್ಟಿ ಇಲ್ಲ, ಸ್ವಿಚ್ ಅದುಮಿದ ಸ್ಥಿತಿಯಲ್ಲೇ ದಾರ ಕಟ್ಟಿರುತ್ತಾರೆ. ಏನಾದರೂ ಆದರೆ ನಿಲ್ಲಿಸಬೇಕೆಂದರೆ ಬಗ್ಗಿ ಹಲಗೆಯ ಕೆಳಗೆ ಕೈ ಹಾಕಬೇಕು, ಇಲ್ಲವೇ ಪ್ಲಗ್ ಇರುವ ಗೋಡೆಗೆ ಓಡಬೇಕು. ಇದನ್ನು ಬಳಸಬೇಡಿ ಎಂದೇ ನಾನು ಹೇಳುವುದು. "ಬೇರೆ ದಾರಿ ಇಲ್ಲ ಸಿಸ್ಟರ್" ಎನ್ನುವವರು ಕಡೆಗೆ ಕಾಲಿನಿಂದ ಒತ್ತಿ ಆರಿಸುವಂಥ ಸ್ವಿಚ್ಚನ್ನಾದರೂ ಎಲೆಕ್ಟ್ರಿಷಿಯನ್ ಕಡೆಯಿಂದ ಹಾಕಿಸಿಕೊಳ್ಳಿ.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ಕಬ್ಬಿಣ ಉಜ್ಜುವ ಗ್ರೈಂಡರಿಗೆ ಹಲ್ಲಿನ ಬ್ಲೇಡ್ ಹಾಕಿ ಕಟ್ಟಿಗೆ ಕೊಯ್ಯುವುದು. ಹಲ್ಲು ಕಟ್ಟಿಗೆಯಲ್ಲಿ ಸಿಕ್ಕಿಕೊಂಡ ಕ್ಷಣ ಗ್ರೈಂಡರ್ ಕೈಯಿಂದ ಕಿತ್ತುಕೊಂಡು ಹಾರುತ್ತದೆ. ಹಾರಿ ಎಲ್ಲಿಗೆ ಬರುತ್ತದೆ? ತೊಡೆಗೆ, ಕುತ್ತಿಗೆಗೆ, ಮುಖಕ್ಕೆ. ತೊಡೆ ಮತ್ತು ಕುತ್ತಿಗೆಯ ದೊಡ್ಡ ರಕ್ತನಾಳ ಹರಿದರೆ ಆಸ್ಪತ್ರೆ ಮುಟ್ಟುವಷ್ಟು ಹೊತ್ತೂ ಉಳಿಯುವುದಿಲ್ಲ. ಈ ಕೆಲಸಕ್ಕೆ ಯಾವ ಹುಷಾರೂ ಸಾಲದು. ಮಾಡಲೇಬೇಡಿ.

ಬಟ್ಟೆ, ದಾರ, ಕೈಚೀಲ

ತಿರುಗುವ ಬ್ಲೇಡಿನ ಹತ್ತಿರ ಕೈಚೀಲ, ಅಂದರೆ ಗ್ಲೌಸ್, ಹಾಕಬೇಡಿ. ಬಹಳ ಜನ ಇದನ್ನು ಉಲ್ಟಾ ತಿಳಿದಿದ್ದಾರೆ. ಬರಿಗೈಗೆ ಬ್ಲೇಡ್ ತಾಗಿದರೆ ತಾಗಿದಷ್ಟು ಗಾಯ. ಗ್ಲೌಸಿನ ನೂಲು ಹಲ್ಲಿಗೆ ಸಿಕ್ಕರೆ ಇಡೀ ಕೈಯನ್ನು ಒಳಗೆ ಎಳೆಯುತ್ತದೆ. ಹಲಗೆ ಹೊರುವಾಗ ಗ್ಲೌಸ್ ಇರಲಿ, ಮಷೀನಿನ ಮುಂದೆ ತೆಗೆದಿಡಿ. ಲುಂಗಿ, ಹೆಗಲ ಮೇಲಿನ ಟವೆಲ್, ಅಗಲ ತೋಳಿನ ಅಂಗಿಯನ್ನೂ ಹಾಗೆಯೇ ದೂರ ಇಡಿ. ಕೊರಳಲ್ಲಿ ಶಿವದಾರ, ಕರಡಿಗೆ ಇರುವವರು, ಜನಿವಾರ ಇರುವವರು ಅಂಗಿಯೊಳಗೆ ಸೇರಿಸಿ ಗುಂಡಿ ಹಾಕಿಕೊಳ್ಳಿ. ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೈದಾರ, ಉಂಗುರ, ಗಡಿಯಾರ ಬಿಚ್ಚಿಡಿ. ಉಂಗುರ ಸಿಕ್ಕಿಕೊಂಡು ಬೆರಳಿನ ಚರ್ಮವೆಲ್ಲ ಸುಲಿದು ಬಂದ ಗಾಯ ಒಮ್ಮೆ ನೋಡಿದರೆ ಮತ್ತೆ ಯಾರಿಗೂ ಹೇಳಬೇಕಾಗುವುದಿಲ್ಲ.

1948ರ ಕಾರ್ಖಾನೆ ಕಾಯ್ದೆಯಲ್ಲೇ ತಿರುಗುವ ಭಾಗಗಳಿಗೆ ಗಾರ್ಡ್ ಇರಬೇಕು, ಚಾಲೂ ಇರುವ ಮಷೀನಿನ ಹತ್ತಿರ ದುಡಿಯುವವರಿಗೆ ಬಿಗಿಯಾದ ಬಟ್ಟೆ ಇರಬೇಕು ಎಂದು ಬರೆದಿತ್ತು. ಆದರೆ ಮಷೀನಿಟ್ಟು ಇಬ್ಬರು ಮೂವರು ದುಡಿಯುವ ನಮ್ಮ ಓಣಿಯ ಅಂಗಡಿಗಳಿಗೆ ಯಾವ ಇನ್‌ಸ್ಪೆಕ್ಟರೂ ಬಂದು ನೋಡುವುದಿಲ್ಲ. ಮನೆಯವರೇ ನೋಡಬೇಕು. ಅಂಗಡಿಗೆ ಬುತ್ತಿ ತರುವ ತಾಯಂದಿರು, ಅಕ್ಕಂದಿರು "ಗಾರ್ಡ್ ಎಲ್ಲೈತಿ?" ಎಂದು ಒಂದು ಮಾತು ಕೇಳಿದರೆ ತಪ್ಪೇನಿಲ್ಲ.

ಬೇಸಿಗೆ ರಜೆಯಲ್ಲಿ ಹುಡುಗರನ್ನು ಅಂಗಡಿಗೆ ಕರೆದೊಯ್ಯುವವರಿಗೆ ಒಂದು ಮಾತು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವಂತಿಲ್ಲ, 18 ವರ್ಷದೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಮನೆಯ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ ಕೈಜೋಡಿಸಲು ವಿನಾಯಿತಿ ಇದೆ, ಆದರೆ ಅಪಾಯದ ಕೆಲಸಕ್ಕೆ ಅದು ಅನ್ವಯಿಸುವುದಿಲ್ಲ. ಹುಡುಗನಿಗೆ ಉಳಿ ಹಿಡಿಯಲು, ಅಳತೆ ಹಾಕಲು ಕಲಿಸಿ. ಗರಗಸದ ಮಷೀನ್ ಕಾಯಲಿ.

ಕರೆಂಟ್ ಹೋದಾಗ

ಇದು ನಮ್ಮ ಭಾಗಕ್ಕೆ ಬಹಳ ಬೇಕಾದ ವಿಷಯ. ಕೆಲಸದ ನಡುವೆ ಕರೆಂಟ್ ಹೋಗುತ್ತದೆ, ಮಷೀನ್ ನಿಲ್ಲುತ್ತದೆ, ನೀವು ಸ್ವಿಚ್ ಆರಿಸದೆ ಚಹಾ ಕುಡಿಯಲು ಹೋಗುತ್ತೀರಿ. ಬಂದು ಬ್ಲೇಡಿನಲ್ಲಿ ಸಿಕ್ಕಿದ ತುಂಡು ಕೀಳುವಾಗ ಕರೆಂಟ್ ಬಂದರೆ? ಕರೆಂಟ್ ಹೋದ ಕೂಡಲೇ ಮೊದಲು ಸ್ವಿಚ್ ಆರಿಸಿ, ಆಮೇಲೆ ಚಹಾ. ಮೋಟಾರಿಗೆ ಸ್ಟಾರ್ಟರ್ ಹಾಕಿಸಿದರೆ ಇನ್ನೂ ಒಳ್ಳೆಯದು. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಕರೆಂಟ್ ಹೋದಾಗ ಬಿದ್ದುಹೋಗಿ, ಹಸಿರು ಗುಂಡಿ ಒತ್ತುವ ತನಕ ಸುಮ್ಮನಿರುತ್ತದಲ್ಲ, ಅಂಥದ್ದು. ತಾನೇ ಚಾಲೂ ಆಗುವ ಆಟೋ ಸ್ಟಾರ್ಟರ್ ಮಾತ್ರ ಗರಗಸಕ್ಕೆ ಎಂದೂ ಬೇಡ. ಬ್ಲೇಡ್ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಿ.

ಆಗಬಾರದ್ದು ಆಗಿಬಿಟ್ಟರೆ

ಈ ಭಾಗವನ್ನು ಜೊತೆಗಿರುವ ಬಂಧುಗಳು ಎರಡು ಸಲ ಓದಬೇಕು. ಗಾಯವಾದವನಿಗೆ ಆಗ ಏನೂ ತೋಚುವುದಿಲ್ಲ.

ಮೊದಲು ರಕ್ತ ನಿಲ್ಲಿಸಿ. ತೊಳೆದ ಬಟ್ಟೆಯನ್ನು ಗಾಯದ ಮೇಲೆಯೇ ಇಟ್ಟು ಗಟ್ಟಿಯಾಗಿ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿಯಿರಿ. ಹತ್ತು ನಿಮಿಷ ಬಟ್ಟೆ ತೆಗೆದು ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು ಇಟ್ಟು ಒತ್ತಿ. ಬೆರಳಿನ ಬುಡಕ್ಕೆ ದಾರ ಬಿಗಿದು ಕಟ್ಟಬೇಡಿ, ಉಳಿದ ಬೆರಳೂ ಕೆಡುತ್ತದೆ. ಅರಿಷಿಣ, ಸುಣ್ಣ, ಚಹಾಪುಡಿ, ತಂಬಾಕು ಯಾವುದನ್ನೂ ಹಾಕಬೇಡಿ. ಅದನ್ನೆಲ್ಲ ನಾವು ಗಾಯದಿಂದ ಉಜ್ಜಿ ತೆಗೆಯಬೇಕಾಗುತ್ತದೆ, ಆ ನೋವು ಬೇರೆ. ಬಾವು ಬರುವ ಮೊದಲೇ ಉಂಗುರ ಬಿಚ್ಚಿ. ಆಪರೇಷನ್ ಬೇಕಾಗಬಹುದು, ಆದ್ದರಿಂದ ತಿನ್ನಲು ಕುಡಿಯಲು ಕೊಡಬೇಡಿ. ವಾಹನವಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿ.

ತುಂಡಾದ ಬೆರಳನ್ನು ಬಿಟ್ಟು ಬರಬೇಡಿ. ಒಬ್ಬರು ಗಾಯಾಳುವನ್ನು ಕರೆತರುವಾಗ ಇನ್ನೊಬ್ಬರು ಕಟ್ಟಿಗೆ ಹೊಟ್ಟಿನ ರಾಶಿಯಲ್ಲಿ ಹುಡುಕಬೇಕು. ಒಮ್ಮೆ ಒಬ್ಬ ತಾಯಿ ಮಗನ ಬೆರಳನ್ನು ಅರಿಷಿಣ ಸವರಿ ಪೇಪರಿನಲ್ಲಿ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಇನ್ನೊಮ್ಮೆ ಒಬ್ಬ ತಮ್ಮ ಸ್ಟೀಲ್ ಚೊಂಬಿನ ಮಂಜುಗಡ್ಡೆಯಲ್ಲೇ ಬೆರಳನ್ನು ಹಾಕಿ ತಂದಿದ್ದ. ಇಬ್ಬರೂ ತಮಗೆ ತಿಳಿದ ಒಳ್ಳೆಯದನ್ನೇ ಮಾಡಿದ್ದರು. ಮಂಜುಗಡ್ಡೆ ನೇರ ತಾಗಿದರೆ ಬೆರಳು ಸುಟ್ಟ ಹಾಗೆ ಸಾಯುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಹೀಗೆ ಮಾಡಿ. ಹೊಟ್ಟು ಮೆತ್ತಿದ್ದರೆ ಶುದ್ಧ ನೀರನ್ನು ಮೆಲ್ಲಗೆ ಸುರಿದು ತೊಳೆಯಿರಿ, ಉಜ್ಜಬೇಡಿ. ಸ್ವಚ್ಛ ಬಟ್ಟೆಯನ್ನು ಸಲೈನಿನಲ್ಲಿ, ಅದಿಲ್ಲದಿದ್ದರೆ ಶುದ್ಧ ನೀರಿನಲ್ಲಿ ತೋಯಿಸಿ, ಹಿಂಡಿ, ಅದರಲ್ಲಿ ಬೆರಳನ್ನು ಸುತ್ತಿ. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಗಟ್ಟಿಯಾಗಿ ಕಟ್ಟಿ. ಆ ಚೀಲವನ್ನು ಮಂಜುಗಡ್ಡೆ ಮತ್ತು ನೀರು ಇರುವ ಇನ್ನೊಂದು ಚೀಲದಲ್ಲಿ ಇಡಿ. ಹಳ್ಳಿಯಲ್ಲಿ ಐಸ್ ಎಲ್ಲಿ ಎನ್ನಬೇಡಿ, ಕೂಲ್‌ಡ್ರಿಂಕ್ಸ್ ಇಡುವ ಅಂಗಡಿಯ ಫ್ರಿಜ್ಜಿನಲ್ಲಿ ಸಿಗುತ್ತದೆ. ಹೀಗೆ ತಂಪಾಗಿ ಇಟ್ಟ ಬೆರಳನ್ನು 24 ಗಂಟೆಯ ತನಕವೂ ಜೋಡಿಸುವ ಅವಕಾಶ ಇರುತ್ತದೆ. ತಂಪಿಲ್ಲದಿದ್ದರೆ ಸುಮಾರು 12 ಗಂಟೆ, ನಮ್ಮ ಬೇಸಿಗೆಯಲ್ಲಿ ಅಷ್ಟೂ ನಂಬುವಂತಿಲ್ಲ. ಮುಂಗೈಯೇ ತುಂಡಾಗಿದ್ದರೆ ಸ್ನಾಯು ಬೇಗ ಸಾಯುವುದರಿಂದ ಸಮಯ ಇದರ ಅರ್ಧಕ್ಕೆ ಇಳಿಯುತ್ತದೆ.

ಸಣ್ಣ ರಕ್ತನಾಳ ಜೋಡಿಸುವ ಈ ಶಸ್ತ್ರಚಿಕಿತ್ಸೆ ಎಲ್ಲ ಆಸ್ಪತ್ರೆಗಳಲ್ಲಿ ಆಗುವುದಿಲ್ಲ, ದೊಡ್ಡ ಊರಿಗೆ ಕಳಿಸಬೇಕಾಗುತ್ತದೆ. ಹೊರಡುವ ಮೊದಲೇ ಫೋನ್ ಮಾಡಿಸಿ. ಎಲ್ಲ ಬೆರಳೂ ಜೋಡಿಸಲು ಬರುವುದಿಲ್ಲ, ಜೋಡಿಸಿದ್ದೆಲ್ಲ ಉಳಿಯುವುದೂ ಇಲ್ಲ. ಆದರೆ ಹೆಬ್ಬೆರಳಾಗಿದ್ದರೆ, ಮಕ್ಕಳ ಬೆರಳಾಗಿದ್ದರೆ ವೈದ್ಯರು ಬಹಳ ಪ್ರಯತ್ನ ಮಾಡುತ್ತಾರೆ. ಕೈಯ ಕೆಲಸದಲ್ಲಿ ನೂರಕ್ಕೆ ಸುಮಾರು 40 ಪಾಲು ಹೆಬ್ಬೆರಳೊಂದರದೇ. "ಇದು ಏನೂ ಪ್ರಯೋಜನವಿಲ್ಲ" ಎಂದು ನೀವೇ ತೀರ್ಮಾನಿಸಿ ಎಸೆಯಬೇಡಿ, ತಂದು ತೋರಿಸಿ.

ಹಣದ ಮಾತು

ಕಟ್ಟಡ ಕೆಲಸದಲ್ಲಿ ದುಡಿಯುವ ಬಡಿಗೇರರು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದು. 18ರಿಂದ 60 ವರ್ಷದೊಳಗಿದ್ದು ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿರಬೇಕು. ಗಾಯವಾದ ಮೇಲೆ ಓಡಾಡುವುದಕ್ಕಿಂತ ಮೊದಲೇ ಮಾಡಿಸಿಡಿ, ಆಸ್ಪತ್ರೆಯ ಕಾಗದ ಒಂದನ್ನೂ ಕಳೆಯಬೇಡಿ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿದ್ದೇವೆ, ಬೆರಳಿಗೆ ಹಣ ಬರುತ್ತದೆ ಎಂದು ಹಲವರು ಕೇಳುತ್ತಾರೆ. ಒಂದು ಇಡೀ ಕೈ ಅಥವಾ ಕಾಲು ಹೋದರೆ, ಒಂದು ಕಣ್ಣು ಪೂರ್ತಿ ಹೋದರೆ ಅದರಲ್ಲಿ 1 ಲಕ್ಷ ಇದೆ, ಒಂದು ಬೆರಳಿಗೆ ಇಲ್ಲ.

ಧೂಳಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕಟ್ಟಿಗೆ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಪಟ್ಟಿ ಮಾಡಿದೆ, ಮುಖ್ಯವಾಗಿ ಮೂಗಿನ ಒಳಭಾಗದ ಕ್ಯಾನ್ಸರ್. ಮೂಗು ಬಾಯಿಗೆ ಮಾಸ್ಕ್ ಕಟ್ಟಿ, ಕಣ್ಣಿಗೆ ಕನ್ನಡಕ ಹಾಕಿ. ವರ್ಷಗಟ್ಟಲೆ ದುಡಿದವರಿಗೆ ಒಂದೇ ಹೊರಳೆ ಕಟ್ಟಿಕೊಂಡು ಆಗಾಗ ರಕ್ತ ಬರುತ್ತಿದ್ದರೆ ನೆಗಡಿ ಎಂದು ಬಿಡದೆ ಕಿವಿ ಮೂಗು ಗಂಟಲು ವೈದ್ಯರಿಗೆ ತೋರಿಸಿ.

ಮನೆಗೆ ಹೋಗುವ ಮೊದಲು

ಗಾಯ ಮಾಯ್ದು ಡಿಸ್ಚಾರ್ಜ್ ಆಗುವ ಅಣ್ಣಂದಿರು ಮರುದಿನವೇ ಮಷೀನಿಗೆ ಹೋಗುವ ತವಕದಲ್ಲಿರುತ್ತಾರೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ, ನನಗೂ ಅರ್ಥವಾಗುತ್ತದೆ. ಆದರೆ ನರ ಕತ್ತರಿಸಿದ ಬೆರಳಿಗೆ ಸ್ಪರ್ಶ ತಿಳಿಯುವುದಿಲ್ಲ, ಬ್ಲೇಡ್ ತಾಗಿದರೂ ತಿಳಿಯುವುದಿಲ್ಲ. ಕಣ್ಣು ಮುಚ್ಚಿಕೊಂಡು ಬೆರಳ ತುದಿಗೆ ಹತ್ತಿ ಮುಟ್ಟಿಸಿಕೊಂಡು ನೋಡಿ. ಗೊತ್ತಾಗದಿದ್ದರೆ ಆ ಕೈ ಸದ್ಯಕ್ಕೆ ಅಳತೆ, ಪಾಲಿಶ್ ಕೆಲಸಕ್ಕಿರಲಿ. ಮೂರು ನಾಲ್ಕು ತಿಂಗಳು ಬೆರಳು ಮಡಚಿ ಬಿಚ್ಚುವ ವ್ಯಾಯಾಮ ನಾವು ತೋರಿಸಿದ ಹಾಗೆ ಮಾಡಿ, ಇಲ್ಲದಿದ್ದರೆ ಉಳಿದ ಬೆರಳುಗಳೂ ಮರಗಟ್ಟುತ್ತವೆ. ಧನುರ್ವಾತದ ಇಂಜೆಕ್ಷನ್ ಯಾವ ದಿನ ಆಯಿತು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಇನ್ನೊಂದು ವಿಷಯ ಗಾಯವಾಗದವರಿಗೂ ಸೇರಿದ್ದು. ನೆಗಡಿ, ತುರಿಕೆ, ಕೆಮ್ಮಿನ ಔಷಧಗಳಲ್ಲಿ, ಕೆಲವು ನೋವಿನ ಗುಳಿಗೆಗಳಲ್ಲಿ ತೂಕಡಿಕೆ ಬರುತ್ತದೆ. ಅದನ್ನು ನುಂಗಿ ಗರಗಸದ ಮುಂದೆ ನಿಲ್ಲುವುದೂ ಕುಡಿದು ನಿಲ್ಲುವುದೂ ಹೆಚ್ಚು ಕಡಿಮೆ ಒಂದೇ. ಔಷಧ ಕೊಡುವ ಕಿಟಕಿಯಲ್ಲಿ ಗುಳಿಗೆ ತೆಗೆದುಕೊಳ್ಳುವಾಗ "ನಾನು ಮಷೀನ್ ಮೇಲೆ ದುಡಿಯುವವನು, ಇದರಲ್ಲಿ ನಿದ್ದೆ ಬರುವ ಗುಳಿಗೆ ಯಾವುದು?" ಎಂದು ಕೇಳಿ. ಆ ಚೀಟಿಯ ಮೇಲೆ ಒಂದು ಗುರುತು ಹಾಕಿ ಕೊಡುತ್ತಾರೆ. ಆ ಗುಳಿಗೆಯನ್ನು ರಾತ್ರಿ ಊಟದ ನಂತರಕ್ಕೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿಕೊಳ್ಳಿ.